ಪೂಜೆಗೆ ಕೂತ ಕಾದಂಬರಿ

ಆನ್‌ಲೈನ್ ನಿಘಂಟಿನ ಪದಗಳಿಗೆ ಹಳೇ ಪುಸ್ತಕಗಳಿಂದ ಬಳಕೆಯ ಸಾಲು ಹುಡುಕಿ ಕೊಡೋದು ನನ್ನ ಕೆಲಸ. ಸಾಲು ಸಿಗದ ಪದಕ್ಕೆ ಅಲ್ಲಿ ಜಾಗವಿಲ್ಲ. ‘ಕೈಸಾಲೆ’ ಅಂದರೆ ವರಾಂಡ ಅಂತ ಸೇರಿಸಿದ್ದೆ. ನಾನು ಮುಖವನ್ನೇ ನೋಡಿರದ ಪರಿಶೀಲಕರೊಬ್ಬರು ಬರೆದರು: “ಪುಟದ ಫೋಟೋ ಕಳಿಸಿ. ನಾಳೆಯೊಳಗೆ ಬರದಿದ್ದರೆ ಪದ ತೆಗೀತೀವಿ.”

ಆ ಪದವಿದ್ದ ಹಳೇ ಕಾದಂಬರಿಯನ್ನು ನಾನು ಕಂಡಿದ್ದು ಜಯನಗರದ ಪದ್ಮಾ ಆಂಟಿ ಮನೇಲಿ ಮಾತ್ರ. ಓಡಿದೆ. ನವರಾತ್ರಿ ನಡೀತಿತ್ತು, ಅವತ್ತು ಸರಸ್ವತಿ ಪೂಜೆ. ಆಂಟಿ ಪುಸ್ತಕಗಳನ್ನೆಲ್ಲ ಪೇರಿಸಿ, ಕುಂಕುಮ ಹಚ್ಚಿ, ಹೂವು ಇಟ್ಟಿದ್ದರು. ನನಗೆ ಬೇಕಾದ ಕಾದಂಬರಿ ಎಲ್ಲಕ್ಕಿಂತ ಕೆಳಗಿತ್ತು.

“ವಿಜಯದಶಮಿವರೆಗೂ ಓದೋ ಹಾಗಿಲ್ಲ ಕಣಪ್ಪ,” ಅಂದರು.

“ಓದಲ್ಲ ಆಂಟಿ, ಒಂದು ಫೋಟೋ ಅಷ್ಟೆ.”

“ಫೋಟೋ ತೆಗ್ದು ಆಮೇಲೆ ಓದಲ್ವಾ?”

ಅಲ್ಲೇ ಕೂತು, ನಾಚಿಕೆ ಬಿಟ್ಟು ಪರಿಶೀಲಕರಿಗೆ ಬರೆದೆ: “ಪುಸ್ತಕ ಪೂಜೆಗೆ ಕೂತಿದೆ.”

ತಕ್ಷಣ ಉತ್ತರ ಬಂತು: “ನಮ್ಮನೇಲೂ ಇಟ್ಟಿದೀವಿ. ಹಬ್ಬ ಮುಗೀಲಿ.”

ವಿಜಯದಶಮಿ ಬೆಳಿಗ್ಗೆ ಆಂಟಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ಇವತ್ತು ಓದ್ದೆ ಇರೋ ಹಾಗಿಲ್ಲ, ಜೋರಾಗಿ ಓದು,” ಅಂದರು. ಕೈಸಾಲೆ ಇದ್ದ ಸಾಲನ್ನೇ ದೇವರ ಮುಂದೆ ನಿಂತು ಓದಿದೆ. ನನ್ನ ದನಿ ನನಗೇ ಹೆಡ್‌ಮಾಸ್ಟರ್ ದನಿಯ ಹಾಗೆ ಕೇಳಿಸಿತು.

ಪುಟದ ಫೋಟೋ ಕಳಿಸಿದೆ. ಈಗ ಆ ಪದ ನಿಘಂಟಿನಲ್ಲಿ ಭದ್ರವಾಗಿದೆ. ಸಿಕ್ಕವರಿಗೆಲ್ಲ ಫೋನ್ ತೆಗೆದು ತೋರಿಸ್ತೀನಿ. ಆಂಟಿಗೂ ತೋರಿಸಿದೆ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದರು.

“ಬರೆದವರ ಹೆಸರಿದೆ, ಪುಟ ಇದೆ,” ಅಂದರು. “ಪುಸ್ತಕ ಯಾರ ಮನೇದು ಅಂತ ಹಾಕೇ ಇಲ್ವಲ್ಲಪ್ಪ.”