ಹುಸೇನ ಮಾಸ್ತರರ ಸಮುದ್ರ

ಹುಸೇನ ಮಾಸ್ತರರು ಮನೆಗೆ ಬಂದವರನ್ನು ಹೊಸ್ತಿಲಲ್ಲೇ ಬೆರಳೆತ್ತಿ ತಡೆಯುತ್ತಿದ್ದರು. ‘ಸಾವಕಾಶ ಬರ್ರಿ. ಒಳಗ ಸಮುದ್ರ ಐತಿ.’ ಗಜೇಂದ್ರಗಡದಲ್ಲಿ ಹೀಗೆನ್ನುವ ಅಧಿಕಾರ ಅವರೊಬ್ಬರಿಗೇ ಇತ್ತು. ರೋಣದ ಶಾಲೆಯಲ್ಲಿ ಅವರು ಭೂಗೋಳ ಕಲಿಸಿದರು, ನಾನು ಕನ್ನಡ. ನಕಾಶೆಯ ಮೇಲೆ ಕೋಲಾಡಿಸಿ ಮಕ್ಕಳನ್ನು ಐದೂ ಮಹಾಸಾಗರ ದಾಟಿಸಿದ ಮನುಷ್ಯ ನಿವೃತ್ತಿಯಾದ ಮೇಲೆ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯಿಟ್ಟು, ಹುಬ್ಬಳ್ಳಿಯಿಂದ ತರಿಸಿದ ಉಪ್ಪು ಕರಗಿಸಿ, ಆರನೆಯದನ್ನು ಸ್ಥಾಪಿಸಿದ್ದರು.

ಅದರಲ್ಲಿ ಮೀನು ಮಾತ್ರ ಇರಲಿಲ್ಲ. ಒಂದಿಷ್ಟು ಕಲ್ಲು, ನೀರು, ಗುಳುಗುಳು ಸದ್ದು. ಕೇಳಿದರೆ, ‘ಹೆಪ್ಪು ಹಾಕೇನ್ರಿ. ಕಣ್ಣಿಗೆ ಕಾಣದ ಜೀವ ಬೆಳೀಬೇಕು. ಮೀನಿನ ಹೊಲಸು ತಿಂದು ನೀರು ಚೊಕ್ಕ ಇಡೂವು ಅವ. ಅಲ್ಲೀತನಾ ಮೀನ ಬಿಟ್ರ ಸಾಯ್ತಾವು’ ಎನ್ನುತ್ತಿದ್ದರು. ಸಣ್ಣ ಗಾಜಿನ ನಳಿಗೆಯಲ್ಲಿ ಆ ನೀರು ತೆಗೆದು, ಔಷಧದ ಹನಿ ಬಿಟ್ಟು, ಬಣ್ಣ ನೋಡಿ, ಫಲಿತಾಂಶ ಓದುವ ಹೆಡ್‌ಮಾಸ್ತರರ ಗಾಂಭೀರ್ಯದಿಂದ ಘೋಷಿಸುತ್ತಿದ್ದರು: ‘ಇನ್ನೂ ನಾಪಾಸು.’

ಇಷ್ಟು ನಿಧಾನದ ಮನುಷ್ಯನಿಗೆ ಒಳಗೊಳಗೇ ಅವಸರವಿತ್ತು. ಅವರನ್ನು ತಾಯಿಯಂತೆ ಸಾಕಿದ ಅಕ್ಕ, ಓಣಿಗೆಲ್ಲ ಆಪಾ, ಸಮುದ್ರ ಕಂಡವರಲ್ಲ. ಅವರ ಕಣ್ಣಿನ ನರ ಒಣಗುತ್ತಿತ್ತು, ದವಾಖಾನೆಯವರು ಕೈಚೆಲ್ಲಿದ್ದರು. ‘ಕಣ್ಣ ಇರೂದ್ರಾಗ ಒಂದ ಮೀನರ ತೋರಸ್ಬೇಕ್ರಿ’ ಎಂದು ಮಾಸ್ತರರು ನನಗೊಬ್ಬನಿಗೇ ಹೇಳಿದ್ದರು.

ಅದು ತಿಳಿದೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ಚಹಾ ತಂದ ಆಪಾ, ‘ಯಾಕ್ರೀ ಮಾಸ್ತರ, ಇದು ಇನ್ನೂ ಹೆಪ್ಪ ಹಿಡಿವಲ್ದು?’ ಎಂದು ನನ್ನನ್ನು ಕೇಳಿದರು.

‘ನಿಮ್ಮ ತಮ್ಮನ ಹೆಪ್ಪ ಅಂಗಡೀದು, ಆಪಾ. ಮನೀ ಹೆಪ್ಪಿನ ಕಸುವು ಅದಕ್ಕ ಎಲ್ಲಿಂದ ಬರಬೇಕ್ರಿ?’ ಎಂದು, ನನ್ನ ಹಾಸ್ಯಕ್ಕೆ ನಾನೇ ನಕ್ಕು, ಚಹಾ ಕುಡಿದು ಎದ್ದೆ.

ಮರುದಿನ ಸಮುದ್ರ ಬೆಳ್ಳಗಾಗಿ ನಾರುತ್ತಿತ್ತು. ಆಪಾ ಅದಕ್ಕೆ ಒಂದು ಬಟ್ಟಲು ಗಟ್ಟಿ ಮೊಸರು ಸುರಿದಿದ್ದರು.

ನಾನಾಡಿದ ಮಾತನ್ನು ಮಾಸ್ತರರಿಗೆ ಅಲ್ಲೇ ಹೇಳಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ನೀರನ್ನು ಬಕೆಟ್ಟಿಗೆ ಬಸಿಯುತ್ತ, ‘ಉಪ್ಪ ಖೊಟ್ಟಿ ಇತ್ತಂತ ಆಪಾಗ ಹೇಳೇನಿ. ನೀವೂ ಹಂಗ ಹೇಳ್ರಿ’ ಎಂದರು, ಅಷ್ಟೇ. ನಾನೂ ಹಾಗೇ ಹೇಳಿದೆ. ಆಪಾ ಉಪ್ಪು ಮಾರಿದವನಿಗೆ ಹಿಡಿಶಾಪ ಹಾಕಿದರು. ಅದಷ್ಟನ್ನೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ಮತ್ತೆ ಉಪ್ಪು, ಮತ್ತೆ ಹೆಪ್ಪು, ಮತ್ತೆ ನಾಪಾಸು. ಕೊನೆಗೆ ನೀರು ಪಾಸಾಗಿ ಮೀನು ಬಂತೆಂದು ಮಾಸ್ತರರು ಕರೆಕಳಿಸಿದಾಗ, ಆಪಾ ಗೋಡೆ ಹಿಡಿದು ನಡೆಯುವಂತಾಗಿದ್ದರು. ಮಾಸ್ತರರು ತೀರಿಕೊಳ್ಳುವ ಮುಂಚೆ ನಾನು ಆ ಮನೆಗೆ ಹೋದದ್ದು ಅದೇ ಕೊನೆ. ಆಮೇಲೆ ಹೋಗಲು ಮುಖವಿರಲಿಲ್ಲ.

ಅವರು ಅಕ್ಕನನ್ನು ಕುರ್ಚಿಯಲ್ಲಿ ಕೂಡಿಸಿ, ಕುರ್ಚಿಯನ್ನು ತೊಟ್ಟಿಯ ಕಡೆಗೆ ಮೆಲ್ಲಗೆ ತಿರುಗಿಸಿದರು. ‘ಹ್ಯಾಂಗೈತಿ, ನೀವ ಹೇಳ್ರಿ ಆಪಾಗ. ಕನ್ನಡ ಮಾಸ್ತರು ನೀವು.’

‘ಕೇಸರಿ ಬಣ್ಣ, ಆಪಾ. ನಡುವ ಬಿಳೀ ಪಟ್ಟಿ…’ ಊರ ಸಭೆಗಳಲ್ಲಿ ತಾಸುಗಟ್ಟಲೆ ಭಾಷಣ ಬಿಗಿದ ಬಾಯಿ ಅಲ್ಲಿಗೇ ನಿಂತಿತು.

ಆಪಾ ಕೈಚಾಚಿ ಗಾಜಿಗೆ ಬೆರಳು ಹಚ್ಚಿದರು. ‘ಈಗ ಇಲ್ಲೇ ಐತೇನು?’

ಮೀನು ಆ ತುದಿಯ ಕಲ್ಲಿನ ಹಿಂದೆ ಸೇರಿಕೊಂಡಿತ್ತು.

‘ಹೌದು’ ಎಂದೆವು, ಇಬ್ಬರೂ ಒಮ್ಮೆಲೇ.