ಮಲ್ಲಿಗೆ ಕಟ್ಟುವ ಕೈಗೆ ತೊಗಲು

ಈಗೀಗ ನನಗೊಂದು ಅಭ್ಯಾಸವಾಗಿಬಿಟ್ಟಿದೆ. ಯಾರಾದರೂ ಅಂಗಳಕ್ಕೆ ಬಂದರೆ ಮೊದಲು ನನ್ನ ಕೈ ಮೂಸಿಕೊಳ್ಳುತ್ತೇನೆ. ಬಂದವರು ಮುದುಕಿಗೆ ಶೀತವಾಗಿದೆ ಎಂದುಕೊಳ್ಳಲಿ. ಕಳ್ಳರಿಗೆ ಹೆದರಿಕೆ ಕಾಲಿನಲ್ಲಿರುತ್ತದೆ ಎನ್ನುತ್ತಾರೆ, ನನ್ನದು ಮೂಗಿನಲ್ಲಿದೆ.

ಸುತ್ತಿ ಬಳಸಿ ಹೇಳುವಷ್ಟು ನಾನು ಓದಿದವಳಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು. ನೇರ ಹೇಳುತ್ತೇನೆ: ನಾನು ತೊಗಲು ಹೊಲಿಯುವುದನ್ನು ಕಲಿಯುತ್ತಿದ್ದೇನೆ. ಈ ಪ್ರಾಯದಲ್ಲಿ, ಮಾವಳ್ಳಿಯಂಥ ಊರಿನಲ್ಲಿ, ಅದೂ ಅಮ್ಮನವರ ಗುಡಿಗೆ ದಿನಾ ಮಲ್ಲಿಗೆ ಮಾಲೆ ಕಟ್ಟಿಕೊಡುವವಳು. ಮಾಲೆ ಮೊದಲು ನನ್ನ ಅತ್ತೆ ಕಟ್ಟುತ್ತಿದ್ದರು. ಅವರ ಕೈ ಸೋತ ಮೇಲೆ ನನಗೆ ಬಂತು. ಊರಿನಲ್ಲಿ ನನಗಿರುವ ಮರ್ಯಾದೆ ಆ ಮಾಲೆಯಷ್ಟೇ ಉದ್ದ. ತೊಗಲು ಮುಟ್ಟಿದ ಕೈಯ ಹೂ ಅಮ್ಮನಿಗೆ ಬೇಡ ಎಂದು ಒಬ್ಬರು ಬಾಯಿ ಬಿಟ್ಟರೂ ಅಲ್ಲಿಗೆ ಮುಗಿಯಿತು. ಆಮೇಲೆ ನಾನು ಯಾರು? ಕೆಮ್ಮುವ ಒಂದು ಮುದುಕಿ.

ಶುರುವಾದದ್ದು ಮೊಮ್ಮಗಳು ಪಲ್ಲವಿಯಿಂದ. ಹೊನ್ನಾವರದಲ್ಲಿ ಕೆಲಸಕ್ಕೆ ಹೋಗುವ ಹುಡುಗಿ. ಒಂದು ದಿನ ಕೊರಿಯರಿನಲ್ಲಿ ಪೆಟ್ಟಿಗೆ ತರಿಸಿದಳು. ಒಳಗೆ ತೊಗಲಿನ ತುಂಡುಗಳು, ಸೂಜಿ, ಮೇಣ ಹಚ್ಚಿದ ನೂಲು, ಮರದ ಸಣ್ಣ ಸುತ್ತಿಗೆ. ಇದು ತನ್ನ ಹೊಸ ಹಾಬಿ ಎಂದಳು. ಹಾಬಿ ಅಂದ್ರೆ ಎಂತ ಎಂದು ಕೇಳಿದೆ.

"ಸುಮ್ನೆ ಖುಷಿಗೆ ಮಾಡೂದು ಅಜ್ಜಿ. ಯಾರೂ ಹೇಳ್ದೆ."

"ಯಾರೂ ಹೇಳ್ದೆ ಕೆಲ್ಸ ಮಾಡೂಕೆ ತಲೆ ಕೆಟ್ಟದ್ಯಾ ನಿಂಗೆ?"

ತಲೆ ಬೇಗನೇ ನೆಟ್ಟಗಾಯಿತು. ಸೂಜಿ ಬೆರಳಿಗೆ ಚುಚ್ಚಿತು, ಪೆಟ್ಟಿಗೆ ಅಟ್ಟ ಸೇರಿತು. ನೋಡಿ, ಇದೇ ಸೂಜಿ ಹಿಡಿದು ಚಪ್ಪಲಿ ಹೊಲಿಯುವವರನ್ನು ಊರು ಅಂಗಳದಾಚೆಯೇ ನಿಲ್ಲಿಸಿತು. ಅದೇ ಸೂಜಿ ಬಣ್ಣದ ಪೆಟ್ಟಿಗೆಯಲ್ಲಿ ಬಂದರೆ ಸೀದಾ ಅಟ್ಟ ಹತ್ತುತ್ತದೆ. ಊರಿಗೆ ನಾಚಿಕೆ ಇಲ್ಲ, ಅದು ಬೇರೆ ಮಾತು.

ಮಳೆಗಾಲದಲ್ಲಿ ಮೊಗ್ಗು ಕಡಿಮೆ. ಮಾಲೆ ಬೇಗ ಮುಗಿಯುತ್ತದೆ, ಕೈ ಸುಮ್ಮನೆ ಕೂರುವುದಿಲ್ಲ. ನನ್ನ ಕನ್ನಡಕಕ್ಕೆ ಒಂದು ಚೀಲ ಬೇಕಿತ್ತು ಎಂಬ ನೆಪವೂ ಸಿಕ್ಕಿತು. ಪೆಟ್ಟಿಗೆ ಇಳಿಸಿ ಕಟ್ಟಿಗೆ ಕೊಟ್ಟಿಗೆಯಲ್ಲಿ ಕೂತೆ. ತೊಗಲನ್ನು ಮೊದಲ ಸಲ ತೊಡೆಯ ಮೇಲೆ ಇಟ್ಟುಕೊಂಡಾಗ ಎದೆ ಹೊಡೆದುಕೊಂಡದ್ದು ಹೇಳಿದರೆ ನಗುತ್ತೀರಿ. ಮೇಲೆ ಹಂಚು ಲಟಕ್ ಅಂದರೂ ಅಮ್ಮನಿಗೆ ಗೊತ್ತಾಯಿತು ಎಂದು ತಲೆ ಎತ್ತುತ್ತಿದ್ದೆ. ನೋಡಿದರೆ ಬೆಕ್ಕು.

ಸೊಸೆ ಮಂಜುಳಾ ಕಟ್ಟಿಗೆಗೆ ಬಂದವಳು ಬಾಗಿಲಲ್ಲೇ ನಿಂತಳು.

"ಅತ್ತೇ, ಇಲ್ಲೆಂತ ಮಾಡ್ತ್ರಿ? ಗುಡಿ ಭಟ್ರಿಗೆ ಗೊತ್ತಾದ್ರೆ?"

"ನೀ ಹೇಳ್ದಿದ್ರೆ ಗೊತ್ತಾಗೂದಿಲ್ಲ."

"ನಾ ಹೇಳೂದಿಲ್ಲ. ವಾಸನೆ ಹೇಳ್ತದೆ."

ಅವತ್ತಿನಿಂದ ಈ ಮೂಸುವ ರೋಗ. ಸೀಗೆಪುಡಿ, ಲಿಂಬೆ, ಹುಣಸೆ, ಎಲ್ಲದರಲ್ಲೂ ಕೈ ತಿಕ್ಕಿದೆ. ತಲೆಯ ಮೇಲೆ ಎರಡು ಕೊಡ ಸುರಿದುಕೊಂಡಲ್ಲದೆ ಮೊಗ್ಗು ಮುಟ್ಟಲಿಲ್ಲ. ಆದರೂ ಮಲ್ಲಿಗೆಯ ನಡುವೆ ಎಲ್ಲೋ ಒಂದೆಳೆ ತೊಗಲು ಮೂಗಿಗೆ ಹೊಡೆದ ಹಾಗೆ ಅನಿಸುತ್ತಿತ್ತು.

ನನಗೆ ತಿಳಿಯುವುದಿಲ್ಲ ಎಂದಲ್ಲ. ಶಿವ ಹುಲಿಚರ್ಮ ಉಟ್ಟವನು. ಋಷಿಗಳು ಕೂತದ್ದೇ ಜಿಂಕೆಯ ಚರ್ಮದ ಮೇಲೆ. ಚಂಡೆಗೆ, ಮದ್ದಳೆಗೆ ಎಳೆದು ಕಟ್ಟಿದ್ದು ಬಾಳೆ ಎಲೆಯಲ್ಲವಲ್ಲ. ಅದನ್ನು ಅಮ್ಮನ ಎದುರಿಗೇ ಬಡಿಯುತ್ತಾರೆ. ಕೊಟ್ಟಿಗೆಯಲ್ಲಿ ಕೂತು ಈ ವಾದವನ್ನೆಲ್ಲ ಗೋಡೆಗೆ ಹೇಳಿ ಗೆದ್ದಿದ್ದೇನೆ. ಗೆದ್ದು ಎದ್ದು ಮತ್ತೆ ಕೈ ಮೂಸಿಕೊಂಡಿದ್ದೇನೆ. ತಿಳಿವಳಿಕೆ ತಲೆಯಲ್ಲಿರುತ್ತದೆ, ಹೆದರಿಕೆ ಮೂಗಿನಲ್ಲಿ. ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ.

ಕೊನೆಗೆ ನನ್ನನ್ನು ಹಿಡಿದುಕೊಟ್ಟದ್ದು ವಾಸನೆಯಲ್ಲ, ಮಲ್ಲಿಗೆ ಕಟ್ಟುವ ಕೈಯೇ. ನಾವು ಬಾಳೆನಾರನ್ನು ನೀರಿನಲ್ಲಿ ನೆನೆಸಿ ಕಟ್ಟುವವರು. ಬಿಗಿ ಎಳೆದರೆ ತೊಟ್ಟು ಮುರಿಯುತ್ತದೆ, ಹೂ ಬಾಡುತ್ತದೆ. ಅತ್ತೆ ಬೆರಳಿಗೆ ಹೊಡೆದು ಹೊಡೆದು ಕಲಿಸಿದ್ದು ಅದನ್ನೇ: ಸಡಿಲ, ಸಡಿಲ. ನಾನು ಮೇಣದ ನೂಲನ್ನೂ ನೆನೆಸಿದೆ. ತೊಗಲಿಗೆ ನೋವಾದೀತು ಎಂಬ ಹಾಗೆ ಮೆಲ್ಲಗೆ ಎಳೆದೆ. ನೋಡಲು ಹೊಲಿಗೆ ಮಾಲೆಯ ಹಾಗೆಯೇ ಚಂದ ಕಂಡಿತು. ಚೀಲದೊಳಗೆ ಕನ್ನಡಕ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ, ಸಿಕ್ಕಿಸಿದ್ದನ್ನು ಮರೆತೆ, ಹಾಗೇ ಮಾಲೆ ಹಿಡಿದು ಗುಡಿಗೆ ಹೋದೆ.

ಗುಡಿಯ ಪಾಗಾರದ ಗೋಡೆಯ ಹೊರಗೆ ಚಪ್ಪಲಿ ಬಿಡಲು ಬಗ್ಗಿದ್ದೇ ತಡ, ಸಡಿಲ ಹೊಲಿಗೆ ಬಾಯಿ ಬಿಟ್ಟು ಕನ್ನಡಕ ಕೆಳಗೆ ಬಿತ್ತು. ಹಿಂದೆಯೇ ಚೀಲ. ಎತ್ತಿಕೊಂಡವಳು ನೆರೆಮನೆಯ ದೇವಕಿ. ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಮುರ್ಡೇಶ್ವರ ಮುಟ್ಟುತ್ತದೆ. ಚೀಲವನ್ನು ಮೂಗಿಗೆ ಹಿಡಿದಳು.

"ಇದು ತೊಗಲಲ್ದೇನೆ? ಯಾರು ಹೊಲ್ದದ್ದು?"

"ನಾನು."

"ನೀನಾ! ಈ ಕೈಯಲ್ಲೇಯಾ? ಭಟ್ರಿಗೆ ನಾ ಹೇಳ್ಬೇಕಾ, ನೀನೇ ಹೇಳ್ತ್ಯಾ?"

ಅವಳು ಹೇಳಿದರೆ ಅದಕ್ಕೆ ಕೈ ಕಾಲು ಬಾಲ ಎಲ್ಲ ಬೆಳೆಯುತ್ತದೆ. ಸೀದಾ ಒಳಗೆ ಹೋಗಿ ಗರ್ಭಗುಡಿಯ ಎದುರು ನಿಂತೆ. ಎಲ್ಲರಿಗೂ ಕೇಳುವ ಹಾಗೆ ದೊಡ್ಡದಾಗಿ ಹೇಳಿದೆ.

"ಭಟ್ರೇ, ನಾನು ಮನೇಲಿ ತೊಗಲು ಹೊಲಿತೆ. ಮಿಂದು ಬಂದು ಹೂ ಕಟ್ಟಿದ್ದೆ. ಬೇಕಾ, ಬೇಡ್ವಾ?"

ಭಟ್ಟರು ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ನಿಂತ ದೇವಕಿಯನ್ನು ನೋಡಿದರು.

"ನಾ ಕೇಳಿದ್ದಿಲ್ಲೆ. ನೀ ಹೇಳಿದ್ದೂ ಇಲ್ಲೆ."

"ಹೇಳಿದ್ದೆ. ಬೇಕಾದ್ರೆ ಇನ್ನೊಂದ್ಸಲ ಹೇಳ್ತೆ."

ಅವರು ಮಾಲೆ ಸುತ್ತಿದ್ದ ಬಾಳೆ ಎಲೆಯ ತುದಿಯನ್ನಷ್ಟೇ ಹಿಡಿದು ತೆಗೆದುಕೊಂಡರು. ಒಳಗೆ ಹೋಗುತ್ತಾರೋ ಹೊರಗೆ ಎಸೆಯುತ್ತಾರೋ ಎಂದು ನೋಡಿದೆ. ಎರಡೂ ಅಲ್ಲ. ಗರ್ಭಗುಡಿಯ ಬಾಗಿಲವಾಡಕ್ಕೆ ತೂಗುಹಾಕಿ ಆರತಿ ತಟ್ಟೆಗೆ ಕೈ ಹಾಕಿದರು. ಅತ್ತೆಯ ಕಾಲದಿಂದ ಅಮ್ಮನ ಕುತ್ತಿಗೆಯಲ್ಲಿದ್ದ ಮಾಲೆ, ಬಾಗಿಲಿನ ತೋರಣವಾಯಿತು. ನಾನು ಅಳುವವಳಲ್ಲ. ಕಂಬ ಹಿಡಿದು ನಿಂತೆ ಅಷ್ಟೆ.

ಹಿಂದಿನಿಂದ ದೇವಕಿಯ ದನಿ ಕೇಳಿತು. "ಇದೆಂತ ಭಟ್ರೇ, ಬಾಗಿಲಿಗೆ ಶೃಂಗಾರ, ಅಮ್ಮನ ಕುತ್ತಿಗೆ ಬೋಳು!"

"ಅಲ್ಲ, ಇವಳ ಕೈ..." ಎಂದರು ಭಟ್ಟರು.

"ಕೈ ಅವಳದ್ದು, ಅವಳ ಹತ್ರವೇ ಇರ್ಲಿ. ಹೂ ಅಮ್ಮಂದು. ಬೋಳು ಕುತ್ತಿಗೆಗೆ ಆರತಿ ಎತ್ತೂದಾದ್ರೆ ಹೇಳಿ, ನಾ ಈಗ್ಲೇ ಹೊರಗೆ ಹೋಗ್ತೆ. ಊರಿಗೆ ಎಂತ ಹೇಳ್ಬೇಕು ಅಂತ ನಂಗೊತ್ತದೆ."

ಭಟ್ಟರು ಮಾಲೆ ತೆಗೆದು ಅಮ್ಮನ ಕುತ್ತಿಗೆಗೆ ಹಾಕಿದರು. ನಾನು ಭಟ್ಟರಿಗೆ ಹೆದರಿದ್ದೆ, ಭಟ್ಟರು ದೇವಕಿಯ ಬಾಯಿಗೆ ಹೆದರಿದ್ದರು, ದೇವಕಿ ಆ ಬೋಳು ಕುತ್ತಿಗೆಗೆ ಹೆದರಿದಳು. ಯಾರಿಗೂ ಹೆದರದೆ ಕೂತದ್ದು ಒಳಗಿದ್ದ ಅಮ್ಮ ಒಬ್ಬಳೇ.

ಹೊರಗೆ ಬಂದಾಗ ದೇವಕಿ ಚೀಲ ವಾಪಸು ಕೊಟ್ಟಳು. "ಥೂ, ಎಂಥ ಹೊಲಿಗೆ ಇದು! ಊರಿಗೆಲ್ಲಾ ಹೇಳ್ತೆ ನೋಡು."

"ಹೇಳು. ಇಲ್ದಿದ್ರೆ ನಿಂಗೆ ಅನ್ನ ಕರಗೂದಿಲ್ಲ."

ಇಷ್ಟಾದ ಮೇಲೆ ನನಗೆ ಧೈರ್ಯ ಬಂದಿತು ಎಂದು ತಿಳಿಯಬೇಡಿ. ಮಾಲೆ ದಿನಾ ಹೋಗುತ್ತಿದೆ, ಅಮ್ಮ ತಗೊಳ್ಳುತ್ತಿದ್ದಾಳೆ, ಆ ಹೆದರಿಕೆ ಇಳಿಯುತ್ತಾ ಬಂದಿದೆ. ಅದರ ಜಾಗದಲ್ಲಿ ಇನ್ನೊಂದು ಕೂತಿದೆ. ಎರಡನೆಯ ಚೀಲಕ್ಕೆ ಅಳತೆ ಗೆರೆ ಎಳೆದಿಟ್ಟಿದ್ದೇನೆ, ಕತ್ತರಿಸಲು ಕೈ ಬರುತ್ತಿಲ್ಲ. ದೇವರಿಗೆ ತಪ್ಪಾದರೆ ತಪ್ಪುಕಾಣಿಕೆ ಇಟ್ಟು ಕೈ ಮುಗಿಯಬಹುದು. ತೊಗಲು ಅಡ್ಡ ಕತ್ತರಿಸಿದರೆ ಏನು ಮಾಡಬೇಕು ಎಂದು ಯಾವ ಭಟ್ಟರೂ ಹೇಳಿಲ್ಲ.