ಲೇತ್ ಗೇರಿಗೆ ಲೇಡೀಸ್ ಟೈಲರ್ ಶಿಫಾರಸು

ಹೋದ ವಾರ ಅಜ್ಜಂಪುರದ ಹಿರಿಯರೊಬ್ಬರು ನನ್ನನ್ನು ಗೇಟಿನಿಂದಾಚೆ ಅಟ್ಟಿದರು. ಕಡೂರಿನಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಓಡಿಸಿದವನನ್ನು! ಅದೂ ನಾಯಿ ಬಿಡ್ತೀನಿ ಅಂತ ಹೆದರಿಸಿ.

ತಪ್ಪು ಯಾರದು? ಓದಿ, ನೀವೇ ಹೇಳಿ. (ನನ್ನದು ಅನ್ನುವುದಾದರೆ ಸ್ವಲ್ಪ ಮೆಲ್ಲಗೆ ಹೇಳಿ.)

ನನ್ನ ಲೇತಿನ ಒಂದು ಗೇರಿನ ಹಲ್ಲು ಮುರಿಯಿತು. ಮಷಿನ್ ನನಗಿಂತ ಹಳೆಯದು. ತಯಾರಿಸಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ! ಆನ್‌ಲೈನಿನಲ್ಲಿ ಹುಡುಕಿದೆ. ಫೋಟೊ ಸಿಕ್ಕಿತು, ಗೇರ್ ಸಿಗಲಿಲ್ಲ. ಹಿರೇನಲ್ಲೂರು ಕಡೆಯ ಮೂರು ಟ್ರಾಕ್ಟರುಗಳ ಶಾಫ್ಟ್ ರಿಪೇರಿಗೆ ಬಂದು ನನ್ನ ಅಂಗಡಿಯಲ್ಲಿ ಬಿದ್ದಿದ್ದವು. ಉಳುಮೆಯ ಸಮಯ. ಸೋಮವಾರದೊಳಗೆ ಆಗದಿದ್ದರೆ ಬೇರೆ ಕಡೆ ಒಯ್ಯುತ್ತೇವೆ ಅಂದಿದ್ದರು. ಒಮ್ಮೆ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದ ಗಿರಾಕಿ ವಾಪಸ್ ಬರುತ್ತಾನೆಯೇ?

ಅಷ್ಟರಲ್ಲಿ ಸುದ್ದಿ ಗಿರಿಜಕ್ಕನಿಗೆ ಮುಟ್ಟಿತು. ನನ್ನ ಹೆಂಡತಿಗೆ ಬ್ಲೌಸ್ ಹೊಲಿದುಕೊಡುವವರು. (ನಮ್ಮ ಮನೆಯ ಸುದ್ದಿ ನನಗಿಂತ ಮೊದಲು ಅಲ್ಲಿಗೇ ಹೋಗುತ್ತದೆ.) ತರೀಕೆರೆಯಲ್ಲಿ ಬಾಡಿಗೆ ಮನೆ ಬೇಕೇ? ಸಖರಾಯಪಟ್ಟಣದಲ್ಲಿ ಹಾಲು ಕರೆಯುವ ಹಸು ಬೇಕೇ? ಗಿರಿಜಕ್ಕನನ್ನು ಕೇಳಬೇಕು. ಹೊಲಿಗೆ ಮಷಿನ್ ತುಳಿಯುತ್ತಲೇ ದಾರಿ ಹೇಳುತ್ತಾರೆ.

"ಅಜ್ಜಂಪುರದ ರುದ್ರಪ್ಪೋರ ಹತ್ರ ಇಂಥದ್ದೇ ಲೇತ್ ಸುಮ್ನೆ ಬಿದ್ದದೆ. ಅವ್ರ ಸೊಸೇರಿಗೆ ನಾನೇ ಹೊಲಿಯೋದು. ಹೋಗಣ್ಣ, ನನ್ ಹೆಸ್ರು ಹೇಳು."

ಹೋದೆ. ಹೆಸರು ಮಾತ್ರ ಹೇಳಲಿಲ್ಲ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಕೈ ಸುಟ್ಟುಕೊಂಡೇ ಕೆಲಸ ಕಲಿತೆ. ಇದುವರೆಗೂ ಯಾರ ಶಿಫಾರಸೂ ಹಿಡಿದಿಲ್ಲ. ಅಂಥವನು ಇನ್ನೊಬ್ಬ ಲೇತ್ ಕೆಲಸದವರ ಮುಂದೆ ನಿಂತು ಬ್ಲೌಸ್ ಹೊಲಿಯುವವರ ಹೆಸರು ಹೇಳುವುದೇ? ಮೀಸೆ ಬೇರೆ ಇದೆ!

"ಯಾರು ಕಳ್ಸಿದ್ದು?" ರುದ್ರಪ್ಪನವರು ಗೇಟಿನ ಹತ್ತಿರವೇ ಕೇಳಿದರು.

"ಯಾರೂ ಇಲ್ಲ, ನಾನೇ ಬಂದೆ. ಕಡೂರಲ್ಲಿ ಯಾರನ್ನಾದ್ರೂ ಕೇಳಿ, ನಾನು ಗೊತ್ತು."

"ಇದು ಅಜ್ಜಂಪುರ ಕಣಯ್ಯ. ನೀನೇ ಬಂದೆ ಅಂದ್ಯಲ್ಲ, ಹಂಗೇ ನೀನೇ ಹೋಗು. ನಾಯಿ ಬಿಡ್ಲಾ?"

ಬೈಕಿನ ಪಕ್ಕ ಪೆಚ್ಚಾಗಿ ನಿಂತಿದ್ದಾಗ ಹೆಂಡತಿಯ ಫೋನ್ ಬಂತು.

"ಗಿರಿಜಕ್ಕನ ಹೆಸ್ರು ಹೇಳಿದ್ರಾ?"

ನಾನು ನಾಯಿಯ ವಿಷಯ ತೆಗೆದೆ.

"ಹೇಳಿಲ್ಲ ತಾನೆ? ನಂಗೊತ್ತಿತ್ತು. ಆ ಮೀಸೆನ ಜೇಬಲ್ಲಿ ಇಟ್ಕೊಂಡು ಒಳಗೋಗ್ರಿ!"

ಹೋಗಿ ಹೆಸರು ಹೇಳಿದೆ. ರುದ್ರಪ್ಪನವರು ಅಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. "ಗಿರಿಜಮ್ಮ, ಇಲ್ಲೊಬ್ಬ ಕಡೂರಿಂದ ಬಂದವ್ನೆ. ನಿನ್ ಕಡೆಯೋನಾ?"

"ಹೂಂ ಅಪ್ಪಾಜಿ. ಬಾಯಿ ಜೋರು, ಕೆಲ್ಸ ನೀಟು. ಕೊಟ್ಬಿಡಿ. ಏನಾದ್ರೂ ಎಡವಟ್ಟಾದ್ರೆ ನನ್ನ ಕೇಳಿ."

ಗೇಟು ತೆರೆಯಿತು. ಕಾಫಿ ಬಂತು. ಸ್ಪ್ಯಾನರನ್ನು ರುದ್ರಪ್ಪನವರೇ ತಂದು ಕೈಗಿಟ್ಟರು. ಗೇರ್ ಬಿಚ್ಚುತ್ತಾ ಕೇಳಿದೆ, ಮೊದಲು ಯಾಕೆ ಅಷ್ಟು ಸಿಟ್ಟು ಅಂತ. ಹಿಂದೆ ಇಬ್ಬರು ಮೆಕ್ಯಾನಿಕ್ ಅಂತ ಹೇಳಿಕೊಂಡು ಬಂದು, ಕೆಲಸಕ್ಕೆ ಬೇಕು ಅಂತ ರುದ್ರಪ್ಪನವರ ಡ್ರಿಲ್ಲಿಂಗ್ ಮಷಿನ್ ಒಯ್ದು ಸೀದಾ ಗುಜರಿಗೆ ಹಾಕಿದ್ದರಂತೆ.

"ನಲವತ್ತು ವರ್ಷ ಅನ್ನ ಹಾಕಿದ್ ಮಷಿನ್ ಕಣಯ್ಯ. ಹೋಗಿ ಯಾರ್ನ ಬಯ್ಲಿ? ಅವ್ರ ಹಿಂದೆ ಯಾರೂ ಇರ್ಲಿಲ್ಲ."

"ಗೇರನ್ನ ನಾನೇ ವಾಪಸ್ ತಂದ್ಕೊಡ್ತೀನಿ," ಅಂದೆ, ಮೆಲ್ಲಗೆ. (ಗಿರಿಜಕ್ಕ ಕೇಳಿದ್ದರೆ ನಂಬುತ್ತಿರಲಿಲ್ಲ.)

ಗಿರಿಜಕ್ಕನಂಥವರನ್ನು ನಾವು ಏನೆಂದು ಕರೆಯುತ್ತೇವೆ? ಊರ ಉಸಾಬರಿ ಹೊತ್ತವರು ಅಂತ. ಅವರು ಕೊಡುವುದು ಬರೀ ಫೋನ್ ನಂಬರ್ ಅಲ್ಲ ಸ್ವಾಮಿ. ನಂಬರನ್ನು ಇಂಟರ್‌ನೆಟ್ಟೂ ಕೊಡುತ್ತದೆ. ಆದರೆ ಇಂಟರ್‌ನೆಟ್ ನನ್ನ ಪರವಾಗಿ ಫೋನ್ ಎತ್ತಿ, 'ಎಡವಟ್ಟಾದರೆ ನನ್ನನ್ನು ಕೇಳಿ' ಅನ್ನುತ್ತದೆಯೇ?

ಭಾನುವಾರವೇ ಮೂರೂ ಶಾಫ್ಟ್ ಅಂಗಡಿಯಿಂದ ಹೊರಟವು. ಗಿರಿಜಕ್ಕನ ಹತ್ತಿರ ಹೋದೆ. ಥ್ಯಾಂಕ್ಸ್ ಅನ್ನಲು ನಾಲಿಗೆ ಹೊರಳಲಿಲ್ಲ. ಅವರ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಟ್ಟು, ಬೆಲ್ಟ್ ಬಿಗಿ ಮಾಡಿಕೊಟ್ಟೆ.

"ಗೇರ್ ಹುಷಾರು ಕಣಣ್ಣ," ಅಂದರು ಸೂಜಿಗೆ ದಾರ ಪೋಣಿಸುತ್ತಾ. "ನೀನೇನಾದ್ರೂ ಎಡವಟ್ಟು ಮಾಡಿದ್ರೆ ರುದ್ರಪ್ಪೋರು ಬಯ್ಯೋದು ನಿಂಗಲ್ಲ, ನಂಗೆ."

ನಿಮ್ಮ ತಪ್ಪಿಗೆ ತಾವೇ ಬೈಸಿಕೊಳ್ಳಲು ತಯಾರಿರುವವರು ನಿಮಗೆ ಎಷ್ಟು ಜನ ಇದ್ದಾರೆ?